ಹೆಬ್ಬಾತುಗಳು ಕಣಿವೆ ದಾಟಿದ್ದು

ಹೆಬ್ಬಾತುಗಳ ಗುಂಪೊಂದು ಹಿಮಾಲಯ ದಾಟಿ ದಕ್ಷಿಣಕ್ಕೆ ಹೊರಟಿತ್ತು. ಹಾರುವ ಮುನ್ನ ನಾಯಕಿ ಕೇಳಿದಳು: "ಕಣಿವೆಯಲ್ಲಿ ಎದುರುಗಾಳಿ ಬೀಸಿದರೆ ಎಲ್ಲಿ ಇಳಿಯೋಣ?"

"ಕೆಳಗಿನ ನದಿಯ ಮರಳು ದಿಣ್ಣೆಯಲ್ಲಿ," ಎಂದಿತು ಗುಂಪು.

ಜೊತೆಗೆ ಹೊರಟಿದ್ದ ಕೊಕ್ಕರೆ ನಕ್ಕಿತು. "ಅಕ್ಕಾ, ಆಕಾಶ ತಿಳಿಯಾಗಿದೆ. ಬಾರದ ಕಷ್ಟಕ್ಕೆ ಈಗಲೇ ಯಾಕೆ ಚಿಂತೆ?"

"ಚಿಂತೆಯಲ್ಲ, ತಮ್ಮಾ. ನೆಲದಲ್ಲಿರುವಾಗ ಯೋಚಿಸಲು ಬಿಡುವಿದೆ, ಆಕಾಶದಲ್ಲಿ ಇರುವುದಿಲ್ಲ."

ಕಣಿವೆಯಲ್ಲಿ ಎದುರುಗಾಳಿ ಬೀಸಲೇ ಇಲ್ಲ. ಬದಲಿಗೆ ದಟ್ಟ ಮಂಜು ಕವಿದು ದಾರಿ ಮುಚ್ಚಿತು. ಕೊಕ್ಕರೆ ದಿಕ್ಕು ತಪ್ಪಿ ಸುತ್ತತೊಡಗಿತು. ಹೆಬ್ಬಾತುಗಳು ಗಾಬರಿಯಿಲ್ಲದೆ ಒಟ್ಟಾಗಿ ತಿರುಗಿ, ಕೂಗುತ್ತಾ ಮರಳು ದಿಣ್ಣೆಗೆ ಇಳಿದವು. ಆ ಕೂಗನ್ನೇ ಹಿಡಿದು ಕೊಕ್ಕರೆಯೂ ಇಳಿಯಿತು.

"ನೀವು ಮಂಜಿನ ಮಾತೇ ಆಡಿರಲಿಲ್ಲವಲ್ಲ!" ಎಂದಿತು ಏದುಸಿರು ಬಿಡುತ್ತಾ.

"ಆಡಿರಲಿಲ್ಲ. ಆದರೆ ಇಳಿಯುವ ಜಾಗ ಗೊತ್ತಿತ್ತು," ಎಂದ ನಾಯಕಿ ನಗುತ್ತಾ ಸರಿದು ಅದಕ್ಕೂ ಎಡೆ ಮಾಡಿಕೊಟ್ಟಳು.