ಹೆಸರು ಹೇಳಿ ಮಾಡಿಸಿದ ನಮಸ್ಕಾರ

"ಗುರುಗಳೇ, ದೇಹ ಇಂದಿದ್ದು ನಾಳೆ ಇಲ್ಲದ್ದು ಎಂದು ಪಾಠದಲ್ಲಿ ಹೇಳುತ್ತೀರಿ. ಹಾಗಿದ್ದ ಮೇಲೆ ಬೆಳಗಾಗೆದ್ದು ಅದನ್ನು ಹೀಗೆ ದಂಡಿಸುವುದು ಏತಕ್ಕೆ?"

ಕೇಳಿದವನು ಶೇಷಗಿರಿ. ಅವನು ಆಶ್ರಮಕ್ಕೆ ಬಂದು ಒಂಬತ್ತು ದಿನವಾಗಿತ್ತು. ಪಾಠಕ್ಕೆ ಕೂರುವ ಮೊದಲು ಸೂರ್ಯನಮಸ್ಕಾರ ಹಾಕಬೇಕು, ಕೆರೆ ಏರಿಯ ಮೇಲೆ ಎರಡು ಸಲ ನಡೆದು ಬರಬೇಕು ಎಂಬುದು ಅಲ್ಲಿಯ ಕಟ್ಟಳೆ. ಅವನ ತೊಡೆಗಳು ಹಿಡಿದುಕೊಂಡಿದ್ದವು. ತಾನು ಬಂದದ್ದು ಜ್ಞಾನಕ್ಕೆ, ಕುಸ್ತಿಗಲ್ಲ ಎಂಬ ಸಿಟ್ಟು ಧ್ವನಿಯಲ್ಲಿ ಕೇಳಿಸುವಂತೆಯೇ ಇತ್ತು. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ, ತುತ್ತು ಕೊಟ್ಟು ಬೆಳೆಸಿದವಳು ಅಕ್ಕ. ಆ ಅಕ್ಕನನ್ನು ಬೆಟ್ಟದ ಮೇಲಿನ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಹರೆಯದಲ್ಲಿ ವರ್ತಕ ಹಬ್ಬ ಹಬ್ಬಕ್ಕೂ ಬೆಟ್ಟ ಹತ್ತಿ ಹೋಗಿ ಬರುತ್ತಿದ್ದ. ಆಮೇಲೆ ವ್ಯಾಪಾರ ಕುದುರಿತು. ಗಾದಿ ಬಿಟ್ಟು ಏಳುವುದು ಕಡಿಮೆಯಾಯಿತು. ಹೊಟ್ಟೆ ಮುಂದೆ ಬಂತು, ನಾಲ್ಕು ಹೆಜ್ಜೆಗೆ ಏದುಸಿರು ಹತ್ತಿತು. ನೋಡುನೋಡುತ್ತ ಅಕ್ಕನ ಮುಖ ಕಾಣದೆ ಏಳು ವರ್ಷವಾಯಿತು.

ಒಂದು ದೀಪಾವಳಿಯ ಮರುದಿನ ಅಕ್ಕ ಹೇಳಿಕಳಿಸಿದಳು. "ನನ್ನ ಮೊಣಕಾಲು ಹೋಗಿವೆ, ಇಳಿದು ಬರಲಾರೆ. ಕಣ್ಣು ಮುಚ್ಚೋದರೊಳಗೆ ಒಂದು ಸಲ ಬಂದು ಹೋಗೋ ತಮ್ಮಾ."

ವರ್ತಕನ ಕರುಳು ಚುರ್ ಎಂದಿತು. ಡೋಲಿ ಹೊರುವವರನ್ನು ಕರೆಸಿದ. ಆ ಬೆಟ್ಟಕ್ಕೆ ಇದ್ದದ್ದು ಬಂಡೆಯಲ್ಲಿ ಕಡಿದ ಮೆಟ್ಟಿಲು, ಒಬ್ಬರು ಕಾಲಿಡುವಷ್ಟೇ ಅಗಲ. ಅವರು ದಾರಿ ನೋಡಿ, ವರ್ತಕನನ್ನೂ ನೋಡಿ, ಕೈಮುಗಿದು ಹೊರಟುಹೋದರು. ಕೊನೆಗೆ ಅವನು ಪಂಡಿತರ ಬಳಿಗೆ ಹೋದ. ಪಂಡಿತರು ನಾಡಿ ಹಿಡಿದು ನೋಡಿದರು. ಔಷಧ ಬೇಡ, ದಿನವೂ ನಮಸ್ಕಾರ ಆಗಬೇಕು, ಐದರಿಂದ ಶುರುಮಾಡಿ ಐವತ್ತಕ್ಕೆ ಏರಿಸಿದರೆ ಯುಗಾದಿಗೆ ಬೆಟ್ಟ ಹತ್ತಬಹುದು ಎಂದರು. ಯುಗಾದಿಗೆ ಬರುತ್ತೇನೆಂದು ವರ್ತಕ ಅಕ್ಕನಿಗೆ ಹೇಳಿಕಳಿಸಿದ.

ವರ್ತಕನ ಮನೆಯಲ್ಲಿ ಧರ್ಮಕಾರ್ಯಕ್ಕೆ ಒಂದು ಕ್ರಮವಿತ್ತು. ದೇವಸ್ಥಾನದಲ್ಲಿ ಅಭಿಷೇಕಕ್ಕೆ ಹೆಸರು ನಕ್ಷತ್ರ ಬರೆಸುತ್ತಿದ್ದ, ಅರ್ಚಕರು ಮಾಡುತ್ತಿದ್ದರು. ಏಕಾದಶಿಯ ಉಪವಾಸ ಅವನ ಹೆಸರಿನಲ್ಲಿ ಹೆಂಡತಿ ಮಾಡುತ್ತಿದ್ದಳು. ಕಾಶಿಗೂ ಒಬ್ಬನನ್ನು ಕಳಿಸಿ ಗಂಗೆ ತರಿಸಿದ್ದ. ನಮಸ್ಕಾರವೂ ಹಾಗೆಯೇ ಆಗತಕ್ಕದ್ದೆಂದು ಅವನಿಗೆ ತೋರಿತು. ಹಾಗಲ್ಲ ಎಂದು ಬಿಡಿಸಿ ಹೇಳಬೇಕೆಂದು ಪಂಡಿತರಿಗಾದರೂ ಹೇಗೆ ಹೊಳೆದೀತು?

ಪಕ್ಕದ ಬೀದಿಯಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ, ಊದಿದರೆ ಹಾರಿಹೋಗುವಷ್ಟು ಬಡಕಲು. ವರ್ತಕ ಅವನನ್ನು ಕರೆಸಿದ. ಪುರೋಹಿತರು ವರ್ತಕನ ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡಿಸಿದರು. ಅಂದಿನಿಂದ ಹಗ್ಗ ಹೊಸೆಯುವವನು ಅಂಗಳದಲ್ಲಿ ನಮಸ್ಕಾರ ಹಾಕತೊಡಗಿದ. ವರ್ತಕ ತೂಗುಮಂಚದ ಮೇಲೆ ಕುಳಿತು ನೋಡುತ್ತಿದ್ದ. ನಮಸ್ಕಾರದ ಮೇಲೆ ಬಾದಾಮಿ ಹಾಲು ಕುಡಿಯಬೇಕೆಂದು ಪಂಡಿತರು ಹೇಳಿದ್ದರು. ಅದೊಂದನ್ನು ಮಾತ್ರ ಬೇರೆಯವರಿಗೆ ಒಪ್ಪಿಸದೆ ತಾನೇ ಕುಡಿದ.

ಆಳು ಮಾಡಿದ್ದು ಹಾಳು ಎನ್ನುತ್ತಾರೆ. ಈ ಆಳು ಒಂದು ದಿನವೂ ತಪ್ಪಿಸಲಿಲ್ಲ. ಐದು ಹತ್ತಾಯಿತು, ಹತ್ತು ಐವತ್ತಾಯಿತು. ಸಂಕ್ರಾಂತಿಯ ಹೊತ್ತಿಗೆ ವರ್ತಕನಿಗೂ ಮೈ ಹಗುರವಾದಂತೆ ಅನ್ನಿಸಿತು. ಅನ್ನಿಸಿಕೆಗೇನು, ಅದಕ್ಕೆ ಬೆವರು ಬೇಕಾಗಿಲ್ಲವಲ್ಲ.

ಯುಗಾದಿಯ ದಿನ ಇಬ್ಬರೂ ಬೆಟ್ಟದ ಬುಡಕ್ಕೆ ಹೋದರು. ನಲವತ್ತು ಮೆಟ್ಟಿಲಿಗೆ ವರ್ತಕನ ಕಣ್ಣು ಕತ್ತಲಿಟ್ಟಿತು. ಎದೆ ಹಿಡಿದುಕೊಂಡು ಬಂಡೆಯ ಮೇಲೆ ಕುಸಿದ. ಹಗ್ಗ ಹೊಸೆಯುವವನಿಗೆ ಉಸಿರು ಕೂಡ ಮೇಲೇರಿರಲಿಲ್ಲ. ವರ್ತಕ ಎಂದಿನಂತೆ ಹೇಳಿದ, "ನೀನೇ ಹೋಗಪ್ಪ. ನನ್ನ ಹೆಸರು ಹೇಳಿ ಕಾಲಿಗೆ ಬಿದ್ದು ಬಾ."

ಅವನು ಮೇಲೆ ಹೋದ. ವರ್ತಕ ಅಲ್ಲೇ ಕುಳಿತು ಕಾದ. ಸಂಜೆಯ ಹೊತ್ತಿಗೆ ಹಗ್ಗ ಹೊಸೆಯುವವನು ಸಂತೋಷದಿಂದ ಇಳಿದು ಬಂದ.

"ಎಲ್ಲಾ ನಿಮ್ ಹೆಸರಲ್ಲೇ ಮಾಡಿದೀನಿ ಧಣಿ. ಕಾಲಿಗೆ ಬಿದ್ದೆ, ಅಕ್ಕೋರು ತಲೆ ಸವರಿದ್ರು. ತಮ್ಮ ಬರ್ತಾನೆ ಅಂತ ಆಗದ ಕಾಲಲ್ಲೇ ಎದ್ದು ಒತ್ತು ಶಾವಿಗೆ, ಕಾಯಿಹಾಲು ಮಾಡಿಟ್ಟಿದ್ರು. ನಿಮಗೇಂತ ಕಲಸಿ ಕೈತುತ್ತು ಕೊಟ್ರು. ಅದನ್ನೂ ನಿಮ್ ಹೆಸರು ಹೇಳ್ಕೊಂಡೇ ಉಂಡೆ. ಬಾಳ ಚೆನ್ನಾಗಿತ್ತು."

ಅವನು ಕುಹಕವಾಡಲಿಲ್ಲ. ಐದು ತಿಂಗಳು ಕಲಿಸಿದ್ದನ್ನೇ ಒಪ್ಪಿಸಿದ. ವರ್ತಕ ಮುಖಕ್ಕೆ ಶಲ್ಯ ಮುಚ್ಚಿಕೊಂಡು ಮಗುವಿನಂತೆ ಅತ್ತ.

ಮರುದಿನ ಬೆಳಗ್ಗೆ ಅವನು ತಾನೇ ಅಂಗಳಕ್ಕಿಳಿದ. ಎರಡು ನಮಸ್ಕಾರ ಹಾಕಿದ, ಮೂರನೆಯದಕ್ಕೆ ಏಳಲಾಗಲಿಲ್ಲ. ಆದರೂ ಬಿಡಲಿಲ್ಲ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಹೊತ್ತು ತಾನೇ ಹೋಗಿ ಅಕ್ಕನ ಕೈಗೆ ಕೊಡಬೇಕೆಂದು ಹಟ ತೊಟ್ಟ. ಆಷಾಢದಲ್ಲಿ ನೂರು ಮೆಟ್ಟಿಲು ಹತ್ತಿದ. ಶ್ರಾವಣದಲ್ಲಿ ಅರ್ಧ ಬೆಟ್ಟ ಹತ್ತಿ, ಅಲ್ಲಿಂದ ಕಾಣುವ ಅಕ್ಕನ ಮನೆಯ ಮಾಡನ್ನು ಬಹಳ ಹೊತ್ತು ನೋಡಿ ಇಳಿದು ಬಂದ. ಮೊರಗಳನ್ನು ತರಿಸಿ ಬಾಗಿನ ಸಿದ್ಧಮಾಡಿಸಿದ. ಹಬ್ಬಕ್ಕೆ ಎಂಟು ದಿನ ಉಳಿದಿರುವಾಗ ಅಕ್ಕ ತೀರಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶೇಷಗಿರಿಯ ಸಿಟ್ಟು ಎಲ್ಲೋ ಹೋಗಿತ್ತು. ಅವನಿಗೆ ವರ್ತಕನ ಮೇಲೆ ಮರುಕ ಉಕ್ಕಿ ಬಂದಿತ್ತು.

"ಪಾಪ, ಅಕ್ಕನ ಮೇಲೆ ಅವನಿಗಿದ್ದ ಪ್ರೀತಿ ನಿಜವಾದದ್ದೇ ಅಲ್ಲವೇ ಗುರುಗಳೇ?" ಎಂದ.

"ಪ್ರೀತಿ ಅವನದೇ, ಮಗು, ಬೆಟ್ಟ ಹತ್ತಿದ ಕಾಲು ಮಾತ್ರ ಹಗ್ಗ ಹೊಸೆಯುವವನದು."

ಶೇಷಗಿರಿ ತೊಡೆ ನೀವಿಕೊಳ್ಳುತ್ತ ಎದ್ದು ಕೆರೆ ಏರಿಯ ಕಡೆಗೆ ನಡೆದ.