ಮನಿಪ್ಲಾಂಟ್ ಕೊಟ್ಟು ಕೋಣೆ ಪಡೆದವಳು

"ಒಂದು ಗಿಡ ಉಳಿಸಿಕೊಳ್ಳೋದೂ ನಿಮ್ಮ ಕೈಲಾಗಲ್ಲ, ಹನುಮಕ್ಕ" ಎಂದಿದ್ದವರು ಸಹಕಾರ ಸಂಘದ ಮ್ಯಾನೇಜರ್ ಶೇಷಗಿರಿಯಪ್ಪನವರೇ. ಗುಮಾಸ್ತೆ ಹನುಮಕ್ಕ ಕಿಟಕಿ ಪಕ್ಕದ ತನ್ನ ಮೇಜಿನ ಮೇಲೆ ಮನಿಪ್ಲಾಂಟ್ ಇಟ್ಟಳು. ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿದಳು. ಬಳ್ಳಿ ಕಿಟಕಿ ಸರಳು ಹತ್ತಿತು.

ಮ್ಯಾನೇಜರರ ಕೋಣೆಯ ಗಿಡಗಳು ಮಾತ್ರ ಒಂದೊಂದಾಗಿ ಕೊಳೆತವು. ಸಾಹೇಬರನ್ನು ಮೆಚ್ಚಿಸಲು ಒಳಗೆ ಹೋದವರೆಲ್ಲ ಕುಂಡಕ್ಕೆ ಒಂದು ಲೋಟ ನೀರು ಸುರಿದೇ ಬರುತ್ತಿದ್ದರು. ಆ ಕಚೇರಿಯಲ್ಲಿ ಅದೇ ನಮಸ್ಕಾರ. ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ ಎಂದು ಹನುಮಕ್ಕ ಒಮ್ಮೆ ಸಾಹೇಬರಿಗೆ ಹೇಳಿ ನೋಡಿದ್ದಳು. "ನನಗೇ ಪಾಠವಾ?" ಎಂದು ಅವರು ಗದರಿದ್ದರು.

ಹೊಟ್ಟೆಕಿಚ್ಚು ತಡೆಯಲಾರದೆ ಒಂದು ದಿನ ಅವಳ ಗಿಡವನ್ನೇ ತಮ್ಮ ಕೋಣೆಗೆ ಹೊರಿಸಿಕೊಂಡು ಹೋದರು. ಸ್ವಲ್ಪ ದಿನಕ್ಕೆ ಅದೂ ಹಳದಿಯಾಗಿ ಸತ್ತಿತು.

"ಏನು ಮಾಡಿ ಕೊಟ್ರಿ ಇದಕ್ಕೆ?"

"ನಾನೇನು ಮಾಡಲಿ ಸಾರ್? ಆ ಕಿಟಕಿ ಬೆಳಕಲ್ಲಿ ಬೆಳೆದದ್ದು."

"ಹಾಗಾದರೆ ಆ ಜಾಗವೇ ನನಗೆ ಬೇಕು."

"ನಾನೆಲ್ಲಿ ಕೂರಲಿ? ಹೊರಗೆ ಬೇರೆ ಮೇಜಿಲ್ಲ."

"ನನ್ನ ಕೋಣೆಯಲ್ಲಿ ಕೂತ್ಕೊಳ್ಳಿ. ಅಲ್ಲೇನೂ ಬದುಕಲ್ಲ."

ಅಂದೇ ಜಾಗ ಅದಲುಬದಲಾಯಿತು. ಲೋಟ ಹಿಡಿದವರೂ ಸಾಹೇಬರ ಹಿಂದೆಯೇ ಕಿಟಕಿಯ ಬಳಿಗೆ ಬಂದರು. ಅಲ್ಲಿಟ್ಟ ಹೊಸ ಗಿಡವೂ ಕೊಳೆಯಿತು. ಒಳಗೆ ಹನುಮಕ್ಕನ ಪಕ್ಕದಲ್ಲಿ, ಅವಳೇ ತಂದಿಟ್ಟ, ಮಂದ ಬೆಳಕಿಗೂ ಜಗ್ಗದ ಸ್ನೇಕ್ ಪ್ಲಾಂಟ್ ನೆಟ್ಟಗೆ ನಿಂತಿತು.

ಶೇಷಗಿರಿಯಪ್ಪ ಅದನ್ನು ಇಣುಕಿ ನೋಡುತ್ತಲೇ ಇರುತ್ತಾರೆ.

"ಬಾಗಿಲು ತಟ್ಟಿ ಬನ್ನಿ ಸಾರ್" ಎನ್ನುತ್ತಾಳೆ ಹನುಮಕ್ಕ.

ಈಗ ಅವಳಿಗೆ ಬಾಗಿಲಿರುವ ಕೋಣೆಯಿದೆ, ತಿರುಗುವ ಕುರ್ಚಿಯಿದೆ. ತೆತ್ತದ್ದು ಒಂದು ಮನಿಪ್ಲಾಂಟ್. ಅದನ್ನು ನೆನೆದರೆ ಮಾತ್ರ ಇಂದಿಗೂ ಅವಳ ಹೊಟ್ಟೆ ಉರಿಯುತ್ತದೆ.