ಕಿರುಬೆರಳು ಪಾಠಕ್ಕೆ ಹೋದದ್ದು

ಬೆನೆಡಿಕ್ಟ್ ಲೋಬೊ ಗಿಟಾರನ್ನು ಯಾರ ಬಳಿಯೂ ಕಲಿತವರಲ್ಲ. ಹಾಡು ಕೇಳಿ, ತಂತಿ ಹುಡುಕಿ, ಮದುವೆ ಮನೆಗಳಲ್ಲಿ ನುಡಿಸುತ್ತಲೇ ಅವರ ತಲೆ ನರೆಯಿತು. ಎಡಗೈಯಲ್ಲಿ ದುಡಿಯುತ್ತಿದ್ದದ್ದು ಮೂರೇ ಬೆರಳು. ಕಿರುಬೆರಳು ಪಕ್ಕದಲ್ಲಿ ಮಡಚಿಕೊಂಡು ಕೂತಿರುತ್ತಿತ್ತು.

ಅರವತ್ತು ದಾಟಿದ ಮೇಲೆ ಅವರು ಪಾಠಕ್ಕೆ ಸೇರಿದರು. ಟೀಚರ್ ಅವರ ಹಳೆಯ ಮದುವೆ ಹಾಡನ್ನೇ ನುಡಿಸಲು ಹೇಳಿ, ನಡುವೆ ತಡೆದರು. "ಅಂಕಲ್, ಇಲ್ಲೊಂದು ಸ್ವರ ಬಿಟ್ಟಿರಿ. ಅದಕ್ಕೆ ಕಿರುಬೆರಳು ಬೇಕು."

ತೋರುಬೆರಳಿಗೆ ರೇಗಿತು. "ಇಷ್ಟು ವರ್ಷ ನಾವು ಮೂವರೇ ಸಂಭಾಳಿಸಲಿಲ್ಲವೇ? ಯಾರಾದರೂ ದೂರಿದರೇ?"

"ದೂರಲಿಲ್ಲ ಅಣ್ಣ," ಎಂದಿತು ಕಿರುಬೆರಳು. "ನನ್ನನ್ನು ಕರೆಯಲೂ ಇಲ್ಲ."

ಅದು ಮೈ ಚಾಚಿ ತಂತಿ ಒತ್ತಿತು. ಸ್ವರ ಕರಕರ ಎಂದು ಅಲ್ಲೇ ಸತ್ತಿತು. ಉಳಿದ ಬೆರಳುಗಳು ನಕ್ಕವು. ತೋರುಬೆರಳು ಕಿವಿಯತ್ತ ತಿರುಗಿತು. ಅಷ್ಟೂ ಹಾಡುಗಳನ್ನು ಅವಕ್ಕೆ ಕಲಿಸಿದ ಗುರು ಅದೇ. "ನೀವೇ ಹೇಳಿ ಗುರುಗಳೇ, ಇದು ನಮಗೆ ಬೇಕೇ?"

"ಇನ್ನೊಮ್ಮೆ ಒತ್ತು, ಮಗೂ," ಎಂದಿತು ಕಿವಿ.

ಕಿರುಬೆರಳು ಒತ್ತಿತು. ಈ ಸಲ ಸ್ವರ ಸಣ್ಣದಾಗಿ, ಆದರೆ ಸ್ವಚ್ಛವಾಗಿ ಹೊರಟಿತು.

"ಹೊಸ ಸ್ವರವೇ, ಗುರುಗಳೇ?" ತೋರುಬೆರಳು ಈಗ ಮೆಲ್ಲಗೆ ಕೇಳಿತು.

"ಹೊಸದಲ್ಲ. ಮೊದಲ ದಿನವೇ ನನಗೆ ಕೇಳಿಸಿತ್ತು. ನಿಮಗೆ ಎಟುಕುವುದಿಲ್ಲವೆಂದು, ಅದನ್ನು ಬಿಟ್ಟು ಹಾಡು ಹೇಳಿಕೊಟ್ಟೆ."